ಒದ್ದೆ ಕೈಯ ಊರು

ಆ ಊರಿನಲ್ಲಿ ಬಾವಿಗೆ ಬರವಿರಲಿಲ್ಲ, ಕಣಜಕ್ಕೆ ಬರವಿರಲಿಲ್ಲ. "ಇಲ್ಲ" ಎಂಬ ಒಂದು ಮಾತಿಗೆ ಮಾತ್ರ ಬರವಿತ್ತು. ನಡುಹಗಲಿನಲ್ಲಿ ಯಾರಾದರೂ ಬಾಗಿಲಿಗೆ ಬಂದು "ಊಟ ಆಯ್ತಾ?" ಎಂದರೆ "ಆಯ್ತು" ಎನ್ನಬೇಕು. ಆಗಿದ್ದರೂ ಆಯ್ತು, ಆಗದಿದ್ದರೂ ಆಯ್ತು. ಈ ಕಟ್ಟಳೆ ಮಾಡಿದವರು ಯಾರು, ಯಾಕೆ ಮಾಡಿದರು ಎಂದು ನನ್ನನ್ನು ಕೇಳಬೇಡಿ. ಆ ಊರಿನವರೇ ಕೇಳಿರಲಿಲ್ಲ, ನನಗೆಲ್ಲಿಂದ ಗೊತ್ತಾಗಬೇಕು?

ಬರೀ ಬಾಯಿಮಾತನ್ನು ನಂಬುವಷ್ಟು ದಡ್ಡರಲ್ಲ ಅಲ್ಲಿನ ಹಿರಿಯರು. ಎರಡು ಗುರುತು ಇಟ್ಟಿದ್ದರು. ಮೊದಲನೆಯದು ಒದ್ದೆ ಕೈ. ಉಂಡು ಕೈ ತೊಳೆದು ಬಂದವರ ಹಾಗೆ ಒದ್ದೆ ಕೈಯಲ್ಲೇ ಬಾಗಿಲು ತೆರೆಯಬೇಕು. ಅದಕ್ಕೆಂದೇ ಪ್ರತಿ ಮನೆಯ ಬಾಗಿಲ ಹಿಂದೆ ಒಂದು ನೀರಿನ ಗಡಿಗೆ ಇರುತ್ತಿತ್ತು. ಉಣ್ಣದವರು ಅದರಲ್ಲಿ ಕೈ ಅದ್ದಿ ಬಾಗಿಲು ತೆರೆಯುತ್ತಿದ್ದರು. ಇದು ಎಲ್ಲರಿಗೂ ಗೊತ್ತಿತ್ತು. ಗೊತ್ತಿದೆ ಎಂದು ಯಾರೂ ಹೇಳುತ್ತಿರಲಿಲ್ಲ. ಎರಡನೆಯದು ಮಡಚಿದ ಎಲೆ. ಉಂಡ ಎಲೆಯನ್ನು ತನ್ನ ಕಡೆಗೆ ಮಡಚಿ ಹೊಸಿಲ ಹೊರಗೆ ಇಡಬೇಕು. ಮಡಚಿದ ಎಲೆಯನ್ನು ಯಾರೂ ಬಿಚ್ಚಬಾರದು. ಒಬ್ಬರ ಕಣ್ಣೆದುರು ಇನ್ನೊಬ್ಬರು ಉಣ್ಣಬಾರದು. ಆ ಊರಿನಲ್ಲಿ ಮನೆಗೆ ಒಬ್ಬರೇ. ಊಟದ ಹೊತ್ತಿಗೆ ಊರಿಗೆ ಊರೇ ಅಗುಳಿ ಹಾಕಿಕೊಂಡು, ಒಬ್ಬೊಬ್ಬರೇ, ಗೋಡೆಗೆ ಮುಖ ಮಾಡಿ ಕೂರುತ್ತಿತ್ತು.

ಕೇಳುವ ಕೆಲಸ ಒಬ್ಬ ಮುದುಕನದು. ಅವನಿಗೆ ಕೇಳುವ ತಾತ ಎಂದೇ ಹೆಸರು. ನೆರಳು ಕಾಲಡಿಗೆ ಬಂದಾಗ ಕೋಲು ಊರಿಕೊಂಡು ಬಾಗಿಲಿಂದ ಬಾಗಿಲಿಗೆ ಹೋಗಿ "ಊಟ ಆಯ್ತೇನಮ್ಮ? ಊಟ ಆಯ್ತೇನಪ್ಪ?" ಎನ್ನುವನು. ಯಾರಾದರೂ "ಇಲ್ಲ" ಅಂದರೆ ಹೊಡೆತವಿಲ್ಲ, ಬಡಿತವಿಲ್ಲ. ಅವರ ಹೊಸಿಲ ಮುಂದೆ ಸುಣ್ಣದ ಒಂದು ಗೆರೆ ಎಳೆಸುವನು. ಗೆರೆ ಬಿದ್ದ ಬಾಗಿಲಲ್ಲಿ ಆಮೇಲೆ ಯಾರೂ ಯಾವತ್ತೂ ಏನನ್ನೂ ಕೇಳುತ್ತಿರಲಿಲ್ಲ.

ಊರಿಗೆಲ್ಲ ಎಲೆ ಹಚ್ಚಿ ಕೊಡುವವಳು ಒಬ್ಬಳಿದ್ದಳು. ಬೆಳಿಗ್ಗೆ ಮುತ್ತುಗದ ಎಲೆಗೆ ಎಲೆ ಸೇರಿಸಿ, ಕಡ್ಡಿ ಚುಚ್ಚಿ, ದುಂಡಗೆ ಮಾಡಿ, ಮನೆಗೊಂದರಂತೆ ಹೊಸಿಲ ಮೇಲೆ ಇಟ್ಟು ಬರುವಳು. ಇಳಿಹೊತ್ತಿಗೆ ಮಡಚಿದ ಎಲೆಗಳನ್ನು ಬುಟ್ಟಿಗೆ ತುಂಬಿ ಊರ ಹೊರಗಿನ ತಿಪ್ಪೆಗೆ ಒಯ್ಯುವಳು. ಕೊಡುವುದೂ ಅವಳೇ, ಒಯ್ಯುವುದೂ ಅವಳೇ. ನಡುವೆ ಏನಾಯಿತು ಎಂದು ನೋಡುವುದು ಅವಳ ಕೆಲಸವಲ್ಲ.

ಅವಳೂ ಅಡಿಗೆ ಮಾಡುವಳು, ಎಲೆಗೆ ಬಡಿಸಿಕೊಳ್ಳುವಳು, ಮುಂದೆ ಕೂರುವಳು. ಎರಡು ತುತ್ತು ಹೋಗುತ್ತಿತ್ತು. ಮೂರನೆಯದು ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಆಗ ಎಲೆಗೆಲ್ಲ ಸಾರು ಸವರಿ, ಅಲ್ಲೊಂದು ಇಲ್ಲೊಂದು ಅಗುಳು ಅಂಟಿಸಿ, ಕಲೆ ಹೊರಗೂ ಒಂದಿಷ್ಟು ಕಾಣುವ ಹಾಗೆ ಮಡಚುವಳು. ಎಲೆಯ ಕೆಲಸದವಳಲ್ಲವೇ, ಅವಳ ಎಲೆಯಷ್ಟು ಚೆನ್ನಾಗಿ ಉಂಡ ಎಲೆ ಊರಲ್ಲೇ ಇರಲಿಲ್ಲ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅನ್ನುತ್ತಾರಲ್ಲ, ಹಾಗೆ. ಉಳಿದ ಅನ್ನ ಕಾಗೆಗೆ. ಹೊಟ್ಟೆ ಗುರ್ರೆಂದರೆ ಅದನ್ನೇ ಗದರುವಳು: "ಎಲೆಯೇ ಹೇಳ್ತಿದೆಯಲ್ಲ ಆಗಿದೆ ಅಂತ. ನಿಂದೇನು ಮಧ್ಯ?"

ತಿಪ್ಪೆಯ ಹತ್ತಿರ ಒಂದು ಹಸು ಇತ್ತು. ಊರಿಗೆಲ್ಲ ಕಟ್ಟಳೆ ಕಲಿಸಿದ ಹಿರಿಯರು ಅದಕ್ಕೆ ಕಲಿಸುವುದನ್ನು ಮರೆತಿದ್ದರು. ಅದು ಮಡಚಿದ ಎಲೆಗಳನ್ನು ಮೂತಿಯಿಂದ ಬಿಚ್ಚಿ ನೆಕ್ಕುತ್ತಿತ್ತು. ಎಲೆ ಹಚ್ಚುವವಳು ಮುಖ ಆಚೆ ತಿರುಗಿಸಿ ನಿಲ್ಲುತ್ತಿದ್ದಳು. ಮುಖ ಎಷ್ಟು ತಿರುಗಿಸಿದರೂ ಕಣ್ಣಿನ ಅಂಚು ಅಂತ ಒಂದಿರುತ್ತದೆ.

ಅವಳಿಗೆ ಒಬ್ಬಳೇ ಗೆಳತಿ, ಸುಣ್ಣದವಳು. ಚಿಪ್ಪು ಸುಟ್ಟು ಸುಣ್ಣ ಮಾಡುವುದು ಅವಳ ಕಸುಬು. ಒಬ್ಬಳ ಬೆರಳು ಸದಾ ಹಸಿರು, ಇನ್ನೊಬ್ಬಳ ಬೆರಳು ಸದಾ ಬಿಳಿ. ತಾತ ಕೇಳಿ ಹೋದಮೇಲೆ ಸುಣ್ಣದವಳು ದಿನವೂ ಇವಳ ಬಾಗಿಲಿಗೆ ಬಂದು ನಿಲ್ಲುವಳು. "ಊಟ ಆಯ್ತಾ?" "ಆಯ್ತು. ನಿಂದು?" "ನಂದೂ ಆಯ್ತು." ಇಬ್ಬರೂ ಒದ್ದೆ ಕೈ ತೋರಿಸಿಕೊಂಡು ನಗುವರು. ಹೊಸಿಲಿನ ಆಚೆ ಒಬ್ಬಳು, ಈಚೆ ಒಬ್ಬಳು. ಇಷ್ಟು ವರ್ಷದ ಸ್ನೇಹದಲ್ಲಿ ಒಬ್ಬರ ಒಲೆಯನ್ನು ಇನ್ನೊಬ್ಬರು ನೋಡಿರಲಿಲ್ಲ.

ಹೀಗಿರುವಾಗ ಒಂದು ನಡುಹಗಲು, ಕೇರಿಯ ಕೊನೆಯ ಮನೆಯ ನೇಯುವವಳು, ತಾತ ಕೇಳಿದ್ದಕ್ಕೆ, ಒಣ ಕೈಯಲ್ಲಿ ಬಾಗಿಲು ತೆರೆದು ಎಲ್ಲರಿಗೂ ಕೇಳುವ ಹಾಗೆ ಹೇಳಿಬಿಟ್ಟಳು:

"ಇಲ್ಲ ತಾತ. ಒಬ್ಬಳೇ ಕೂತ್ರೆ ಅನ್ನ ಇಳೀತಿಲ್ಲ. ಯಾರಾದ್ರೂ ಒಳಗೆ ಬನ್ನಿ."

ಕೇರಿಯ ಬಾಗಿಲುಗಳೆಲ್ಲ ಒಂದೊಂದು ಬೆರಳಷ್ಟು ತೆರೆದಿದ್ದವು. ಒಬ್ಬರೂ ಹೊರಗೆ ಬರಲಿಲ್ಲ. ಎಲೆ ಹಚ್ಚುವವಳು ತನ್ನ ಬಾಗಿಲ ಹಿಂದೆ ಗಡಿಗೆಯಲ್ಲಿ ಕೈ ಇಟ್ಟುಕೊಂಡೇ ನಿಂತಿದ್ದಳು. ಅವಳ ಎದೆಯಲ್ಲಿ ಏನೋ ಒಂದು ಎದ್ದು "ಹೋಗು" ಎಂದಿತು. ನನ್ನದೆಲ್ಲ ಸುಳ್ಳು ಅನ್ನಿಸಿಕೆ, ಊರು ಸುಮ್ಮನಿರುವಾಗ ನನ್ನೊಬ್ಬಳಿಗೆ ಅನ್ನಿಸಿದ್ದು ನಿಜವಿರುತ್ತದೆಯೇ ಎಂದು ಅವಳು ಅದನ್ನು ಕೂರಿಸಿದಳು.

ತಾತ ಸುಣ್ಣದವಳನ್ನು ಕರೆದ. ಗೆರೆ ಎಳೆಯಬೇಕಾದವಳು ಅವಳೇ. ಅವಳು ಬಗ್ಗಿ, ಮೂರು ಬೆರಳು ಸುಣ್ಣಕ್ಕೆ ಅದ್ದಿ, ಈ ಬದಿಯಿಂದ ಆ ಬದಿಗೆ ಎಳೆದಳು. ನೇಯುವವಳು ಗೆರೆಯನ್ನು ನೋಡಲಿಲ್ಲ, ಎಳೆಯುವವಳ ಮುಖವನ್ನೇ ನೋಡಿದಳು. ಆಮೇಲೆ ಬಾಗಿಲು ಹಾಕಿಕೊಂಡಳು. ಅವತ್ತಿನಿಂದ ಆ ಮನೆಯಿಂದ ಮಗ್ಗದ ಸದ್ದು ಬಿಟ್ಟು ಬೇರೇನೂ ಕೇಳಲಿಲ್ಲ. ಎಲೆ ಹಚ್ಚುವವಳು ಮಾರನೆಯ ಬೆಳಿಗ್ಗೆಯಿಂದ ಒಂದು ಎಲೆ ಕಡಿಮೆ ಹಚ್ಚಿದಳು.

ಆ ವಾರವೇ ಹಸು ಒಂದು ಎಲೆಯನ್ನು ಬಿಚ್ಚಿ, ಮೂಸಿ, ಬಿಟ್ಟು ಆಚೆ ಹೋಯಿತು. ಕಣ್ಣಿನ ಅಂಚಿಗೆ ಕಂಡಿತು: ಎಲೆ ಕೊಟ್ಟಾಗ ಇದ್ದಷ್ಟೇ ಹಸಿರಾಗಿತ್ತು. ಅನ್ನದ ಕಲೆ ಇಲ್ಲ, ಸಾರಿನ ಕಲೆ ಇಲ್ಲ. ಅಂಚಿನಲ್ಲಿ ಸುಣ್ಣದ ಒಂದು ಹೆಬ್ಬೆಟ್ಟಿನ ಗುರುತು ಮಾತ್ರ ಇತ್ತು.

ಮಾರನೆಯ ದಿನವೂ ಅಷ್ಟೆ. ಅದರ ಮಾರನೆಯ ದಿನವೂ ಅಷ್ಟೆ. ಸುಣ್ಣದವಳಿಗೆ ಸಾರು ಸವರುವಷ್ಟು ಸುಳ್ಳೂ ಬರುತ್ತಿರಲಿಲ್ಲ ಎಂದು ಎಲೆ ಹಚ್ಚುವವಳಿಗೆ ತಿಳಿಯಿತು. ತಿಳಿದು ಏನು ಮಾಡಿದಳು? ಬಿಳಿ ಹೆಬ್ಬೆಟ್ಟಿನ ಎಲೆಯನ್ನು ಬುಟ್ಟಿಯ ತಳಕ್ಕೆ ಹಾಕಿ, ಮೇಲೆ ತನ್ನ ಕಲೆಯ ಎಲೆಯನ್ನು ಇಟ್ಟು ಒಯ್ದಳು. ಬಾಗಿಲಲ್ಲಿ "ಊಟ ಆಯ್ತಾ?" ಎಂದಳು. "ಆಯ್ತು" ಎಂದು ಕೇಳಿಸಿಕೊಂಡಳು. ಗೆಳತಿಯ ಬಳೆಗಳು ಮುಂಗೈಯಿಂದ ಮೊಣಕೈವರೆಗೆ ಜಾರುವುದನ್ನು ನೋಡಿದಳು. "ನಿನ್ನ ಎಲೆ ನೋಡಿದೆ ಕಣೇ" ಎಂದರೆ "ನಿನ್ನದು?" ಎಂದು ಅವಳು ಕೇಳಿಯಾಳು. ಆ ಒಂದು ಪ್ರಶ್ನೆಗೆ ಹೆದರಿ ಇವಳು ಬಾಯಿ ಬಿಡಲಿಲ್ಲ.

ಆಮೇಲೊಂದು ದಿನ ಸುಣ್ಣದವಳು ಬಂದು ನಿಂತಳು. ಅವಳ ಕೈ ಒಣಗಿತ್ತು. ಮರೆತು ಬಂದದ್ದಲ್ಲ, ಅಂಗೈ ಮೇಲೆ ಮಾಡಿ, ಕಾಣುವ ಹಾಗೆ ಹಿಡಿದು ನಿಂತಿದ್ದಳು. ಆ ಊರಿನಲ್ಲಿ ಅದಕ್ಕಿಂತ ಹೆಚ್ಚಿಗೆ ಹೇಳುವುದು ಏನೂ ಇರಲಿಲ್ಲ.

"ಊಟ ಆಯ್ತಾ?" ಎಂದಳು ಸುಣ್ಣದವಳು. ಎಂದಿನ ಮಾತೇ. ದನಿ ಎಂದಿನದಲ್ಲ.

ಎಲೆ ಹಚ್ಚುವವಳ ಎದೆಯಲ್ಲಿ ಮತ್ತೆ ಅದು ಎದ್ದಿತು. "ಇಲ್ಲ ಅನ್ನು, ಒಳಗೆ ಕರೆ" ಎಂದಿತು. ಅವಳ ಕೈ ಎದೆಯ ಮಾತು ಕೇಳಲಿಲ್ಲ. ಬಾಗಿಲ ಹಿಂದಿನ ಗಡಿಗೆಗೆ ತಾನಾಗಿಯೇ ಹೋಗಿ, ಅದ್ದಿ, ತೊಟ್ಟಿಕ್ಕುತ್ತ ಹೊರಗೆ ಬಂತು.

"ಆಯ್ತು. ನಿಂದು?"

ಸುಣ್ಣದವಳು ಆ ಒದ್ದೆ ಕೈಯನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಹೊಸಿಲಿನ ಆಚೆಯಿಂದಲೇ ಕೈ ನೀಡಿ, ಗೆಳತಿಯ ಗಡಿಗೆಯಲ್ಲಿ ತನ್ನ ಕೈ ಅದ್ದಿದಳು. ನೀರು ಹಾಲಿನ ಹಾಗೆ ಬೆಳ್ಳಗಾಯಿತು.

"ನಂದೂ ಆಯ್ತು," ಎಂದಳು. "ಬರ್ತೀನಿ."

ಬರ್ತೀನಿ ಎಂದವಳು ಬರಲಿಲ್ಲ. ಮಾರನೆಯ ದಿನವೂ ಬರಲಿಲ್ಲ.

ಗಡಿಗೆಯ ನೀರು ತಿಳಿಯಾಯಿತು, ಸುಣ್ಣ ತಳದಲ್ಲಿ ಕೂತಿತು. ಎಲೆ ಹಚ್ಚುವವಳು ಅದನ್ನು ಚೆಲ್ಲಿ ತೊಳೆಯಬಹುದಿತ್ತು. ಎರಡು ಸಲ ಎತ್ತಿಯೂ ಎತ್ತಿದಳು. ಚೆಲ್ಲಲು ಮನಸ್ಸು ಬರಲಿಲ್ಲ. ತಾತ ಬಂದಾಗ ಕೈ ಅದ್ದಿದರೆ ನೀರು ಕದಡುತ್ತಿತ್ತು. ಒಣಗಿದಮೇಲೆ ಬೆರಳೆಲ್ಲ ಬಿಳಿ. ಎಲೆ ಹಚ್ಚಿದರೆ ಎಲೆಗೂ ಬಿಳಿ. ತಾತ ಒಂದು ದಿನ "ಕೈಗೇನಮ್ಮ ಅದು?" ಎಂದಾಗ ಕುಂಬಳಕಾಯಿ ಕಳ್ಳನ ಹಾಗೆ ಸೆರಗಿನಲ್ಲಿ ಮುಚ್ಚಿಕೊಂಡು "ಏನಿಲ್ಲ ತಾತ" ಎಂದಳು. ಸೆರಗೂ ಬಿಳಿಯಾಯಿತು. ನಾನು ಮಾಡಿದ್ದು ತಪ್ಪು ಎಂದು ಆಗ ಅವಳಿಗೆ ನೇರವಾಗಿ ಅನ್ನಿಸಿತು. ಈ ಸಲ ಅದನ್ನು ಕೂರಿಸಲು ಆಗಲಿಲ್ಲ. ಅವಳು ಅತ್ತಳು, ಅತ್ತಿದ್ದಕ್ಕೆ ಹೊಟ್ಟೆ ತುಂಬುವುದಿಲ್ಲವಲ್ಲ, ಅವಳದೂ ಇಲ್ಲ, ಗೆಳತಿಯದೂ ಇಲ್ಲ.

ಒಂಬತ್ತನೆಯ ದಿನ ಊಟದ ಹೊತ್ತಾದರೂ ಸುಣ್ಣದವಳ ಹೊಸಿಲ ಮುಂದೆ ಮಡಚಿದ ಎಲೆ ಇರಲಿಲ್ಲ. ಬೆಳಿಗ್ಗೆ ಇಟ್ಟ ಎಲೆ ಇಟ್ಟ ಹಾಗೇ ಹೊಸಿಲ ಮೇಲೆ ಬಿಸಿಲಿಗೆ ಮುರುಟಿಕೊಂಡಿತ್ತು. ಅದನ್ನು ತೆಗೆದುಕೊಳ್ಳಲು ಒಳಗಿನವಳು ಎದ್ದಿರಲಿಲ್ಲ. ಇವತ್ತು ತಾತ ಬಾಗಿಲು ಬಡಿದಾಗ ಅವಳು "ಆಯ್ತು" ಅನ್ನದಿದ್ದರೆ ಗೆರೆ ಬೀಳುತ್ತದೆ. "ಆಯ್ತು" ಅಂದರೆ ಅದೇ ಅವಳ ಕೊನೆಯ "ಆಯ್ತು" ಆಗುತ್ತದೆ. ಎರಡೂ ಒಂದೇ ಎಂದು ಎಲೆ ಹಚ್ಚುವವಳಿಗೆ ಗೊತ್ತಾಯಿತು. ಯಾರನ್ನೂ ಕೇಳದೆ ಗೊತ್ತಾಯಿತು.

ಅವಳು ಮನೆಗೆ ಓಡಿ ಒಂದು ಪಾತ್ರೆ ಗಟ್ಟಿ ಗಂಜಿ ಕಾಯಿಸಿದಳು. ಒಂದು ದೊಡ್ಡ ಎಲೆಯನ್ನು, ಗಂಜಿ ನಿಲ್ಲುವ ಹಾಗೆ ಆಳವಾಗಿ, ದೊನ್ನೆಯಂತೆ ಹಚ್ಚಿದಳು. ಹೊರಡುವಾಗ ಅಭ್ಯಾಸಬಲದಿಂದ ಕೈ ಗಡಿಗೆಯ ಕಡೆ ಹೋಯಿತು. ಅವಳು ಅದನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡಳು.

ನೆರಳು ಕಾಲಡಿಗೆ ಬಂದಿತ್ತು. ಕೇರಿಯಲ್ಲಿ ಬಾಗಿಲುಗಳು ಬೆರಳಷ್ಟು ತೆರೆದಿದ್ದವು. ಮೂರು ಮನೆಯ ಆಚೆ ತಾತನ ಕೋಲಿನ ಸದ್ದು. ಎಲೆ ಹಚ್ಚುವವಳು ಗೆಳತಿಯ ಬಾಗಿಲು ಬಡಿದಳು.

ಬಹಳ ಹೊತ್ತಿನ ಮೇಲೆ ಒಳಗಿನಿಂದ ಸಣ್ಣ ದನಿ ಬಂತು. "ಆಯ್ತು ತಾತ."

"ತಾತ ಅಲ್ಲ ಕಣೇ. ನಾನು."

"ಓ. ನಿಂದು ಊಟ ಆಯ್ತಾ?"

"ಇಲ್ಲ," ಎಂದಳು ಎಲೆ ಹಚ್ಚುವವಳು.

ಕೋಲಿನ ಸದ್ದು ನಿಂತಿತು. ಬಾಗಿಲುಗಳು ಎರಡು ಬೆರಳಷ್ಟಾದವು. ಆಡಿದ ಮಾತನ್ನು ಇನ್ನು ವಾಪಸು ತೆಗೆದುಕೊಳ್ಳುವ ಹಾಗಿರಲಿಲ್ಲ. ಆದರೆ ಒಳಗಿನಿಂದ ಬಂದ ಉತ್ತರ ಅವಳು ಎಣಿಸಿದ್ದಲ್ಲ.

"ಸುಳ್ಳು ಹೇಳ್ಬೇಡ. ನನ್ನ ಮೇಲಿನ ಕನಿಕರಕ್ಕೆ ಹೇಳ್ತಿದ್ದೀಯ. ನಿನ್ನ ಎಲೆ ನಾನು ದಿನಾ ನೋಡ್ತಿದ್ದೆ. ಎಷ್ಟು ಚೆನ್ನಾಗಿ ಉಣ್ತಾಳೆ ಇವಳು ಅಂತಿದ್ದೆ. ನನಗೊಬ್ಬಳಿಗೇ ಅನ್ನ ಸುಣ್ಣದ ಹಾಗಾಗಿದೆ, ಆ ಗೆರೆ ಎಳೆದ ಪಾಪ ಅಂತ ಸುಮ್ಮನಾದೆ. ಆವತ್ತು ಒಣ ಕೈ ಹಿಡ್ಕೊಂಡು ಬಂದೆ. ನೀನು ಒದ್ದೆ ಕೈ ತೋರಿಸ್ದೆ. ಉಂಡವಳು ನೀನು, ಹೋಗು."

ಎಲೆ ಹಚ್ಚುವವಳು ಹೋಗಲಿಲ್ಲ. ಗೆಳತಿಯ ಹಸಿವನ್ನು ತಾನು ಕಂಡೂ ಕಾಣದಂತಿದ್ದೆ, ಅಷ್ಟೇ ತನ್ನ ತಪ್ಪು ಎಂದುಕೊಂಡಿದ್ದಳು. ತಾನು ಸವರಿದ ಸಾರೇ ಆ ಬಾಗಿಲಿಗೆ ಅಗುಳಿಯಾಗಿತ್ತು. ಅದು ಅವಳಿಗೆ ಹೊಳೆದೇ ಇರಲಿಲ್ಲ.

"ಅದೆಲ್ಲ ನಾನು ಸವರಿದ್ದು ಕಣೇ," ಎಂದಳು. "ಸಾರು ಸವರ್ತಿದ್ದೆ. ಅಗುಳು ಅಂಟಿಸ್ತಿದ್ದೆ. ಎರಡು ತುತ್ತಿನ ಮೇಲೆ ಒಂದು ದಿನಾನೂ ಉಂಡಿಲ್ಲ. ನಿನ್ನ ಖಾಲಿ ಎಲೆ ನೋಡಿದ್ದೆ. ಮೊದಲ ದಿನಾನೇ ನೋಡಿದ್ದೆ. ಗೊತ್ತಿದ್ದೂ ಕೈ ಅದ್ದಿದೆ. ಕ್ಷಮಿಸ್ತೀಯೋ ಬಿಡ್ತೀಯೋ, ಬಾಗಿಲು ಮಾತ್ರ ತೆಗಿ."

ಅಗುಳಿ ಸರಿಯಲಿಲ್ಲ. ಸುಳ್ಳು ಹೇಳುತ್ತ ಬಂದವಳು ನಿಜ ಹೇಳಿದರೆ ನಂಬುವುದಾದರೂ ಹೇಗೆ? ಅವಳ ಬಾಯಿಗೆ ಇನ್ನು ಹೇಳಲು ಏನೂ ಉಳಿದಿರಲಿಲ್ಲ. ಆಗ ಇಷ್ಟು ವರ್ಷ ಗದರಿಸಿಕೊಂಡು ಸುಮ್ಮನಿದ್ದ ಅವಳ ಹೊಟ್ಟೆ, ಕೈಯಲ್ಲಿದ್ದ ಗಂಜಿಯ ವಾಸನೆಗೋ ಏನೋ, ಇಡೀ ಕೇರಿಗೆ ಕೇಳುವ ಹಾಗೆ ಗುರ್ರೆಂದಿತು. ಒಂದು ಸಲ ಅಲ್ಲ, ಮೂರು ಸಲ. ಅವಳು ಈ ಸಲ ಅದನ್ನು ಗದರಲಿಲ್ಲ.

ಅಗುಳಿ ಸರಿಯಿತು.

ಬಾಗಿಲ ಸಂದಿಯಲ್ಲಿ ಸುಣ್ಣದವಳು ಗೋಡೆ ಹಿಡಿದು ನಿಂತಿದ್ದಳು. ಎಷ್ಟು ಬಡವಾಗಿದ್ದಳೆಂದರೆ ಎಲೆ ಹಚ್ಚುವವಳು ನೋಡಲಾಗದೆ ಮೊದಲು ನೆಲ ನೋಡಿದಳು, ಆಮೇಲೆ ಅವಳನ್ನು ನೋಡಿದಳು. ಹೊಸಿಲು ದಾಟಿ ಒಳಗೆ ಹೋದಳು. ಮೊದಲ ಸಲ ಗೆಳತಿಯ ಒಲೆ ಕಂಡಿತು. ಒಲೆಯಲ್ಲಿ ಬೂದಿಯೂ ತಣ್ಣಗಿತ್ತು.

ಎಲೆ ಹಾಕಿ, ಗಂಜಿ ಬಡಿಸಿ, "ಉಣ್ಣು" ಎಂದಳು. ಸುಣ್ಣದವಳು ತಲೆ ಅಲ್ಲಾಡಿಸಿದಳು. "ನೀನು ಮೊದಲು. ನಾನು ನೋಡ್ಬೇಕು."

ಎಲೆ ಹಚ್ಚುವವಳು ಯಾರ ಕಣ್ಣೆದುರೂ ಉಂಡವಳಲ್ಲ. ಒಂದು ತುತ್ತು ಇಳಿಯಿತು. ಎರಡನೆಯದು ಇಳಿಯಿತು. ಮೂರನೆಯದಕ್ಕೆ ಹೆದರಿ ಕಣ್ಣು ಮುಚ್ಚಿದಳು, ಅದೂ ಇಳಿಯಿತು. ಆಮೇಲೆ ಏನಾಯಿತೋ ಅವಳಿಗೇ ತಿಳಿಯಲಿಲ್ಲ. ನಾಲ್ಕು, ಐದು, ಆರು ಎಂದು ಕೈ ತಾನಾಗಿಯೇ ಎಲೆಯಿಂದ ಬಾಯಿಗೆ ಹೋಗುತ್ತಿತ್ತು. ಪಾತ್ರೆ ಬಗ್ಗಿಸಿ ಬಡಿಸಿಕೊಂಡಳು, ಮತ್ತೆ ಬಡಿಸಿಕೊಂಡಳು. ಕಣ್ಣು ತೆರೆದು ನೋಡಿದರೆ ಪಾತ್ರೆ ತಳ ಕಾಣುತ್ತಿದೆ. ಹಸಿದ ಗೆಳತಿಗೆಂದು ತಂದ ಗಂಜಿ! ನಾಚಿಕೆಯಿಂದ ಅವಳ ಮುಖ ಸುಟ್ಟಿತು. ಎತ್ತಿದ ತುತ್ತು ಕೈಯಲ್ಲೇ ಉಳಿಯಿತು. ಇದಕ್ಕಿಂತ ದೊಡ್ಡ ತಪ್ಪು ಇನ್ನೇನು ಮಾಡಲಿ ಎಂದುಕೊಂಡಳು.

ಸುಣ್ಣದವಳು ಎಲೆಯ ಹತ್ತಿರಕ್ಕೆ ಸರಿದಳು.

"ನಂಗೂ ಒಂಚೂರು ಬಿಡೇ," ಎಂದಳು.

ಕೈಯಲ್ಲಿದ್ದ ತುತ್ತನ್ನು ಎಲೆ ಹಚ್ಚುವವಳು ಅವಳ ಬಾಯಿಗೇ ಇಟ್ಟಳು. ಸುಣ್ಣದವಳು ಅಗಿದು, ನುಂಗಿ, ಎಲೆಯ ಆ ಬದಿಯಿಂದ ತಾನೂ ಕೈ ಹಾಕಿದಳು. ಹಸಿರು ಬೆರಳು, ಬಿಳಿ ಬೆರಳು, ಒಂದೇ ಎಲೆ. ಇಬ್ಬರೂ ಅಳುತ್ತಿದ್ದರು, ಉಣ್ಣುವುದನ್ನೂ ಬಿಟ್ಟಿರಲಿಲ್ಲ.

ತೆರೆದ ಬಾಗಿಲಲ್ಲಿ ತಾತನ ನೆರಳು ಬಿತ್ತು. ಅವನು ಕೋಲು ಕುಟ್ಟಿದ. "ಇಲ್ಲ ಅಂದಿದ್ದು ನನ್ನ ಕಿವಿಗೆ ಬಿದ್ದಿದೆ. ಒಬ್ಬರ ಮುಂದೆ ಒಬ್ಬರು ಉಣ್ಣೋದೂ ಕಣ್ಣಿಗೆ ಬಿದ್ದಿದೆ. ಏಳಮ್ಮ ಸುಣ್ಣದವಳೇ. ಗೆರೆ ಎಳಿ."

ಸುಣ್ಣದವಳು ತಲೆ ಎತ್ತದೆ ಹೇಳಿದಳು: "ಸುಣ್ಣ ಆ ಮೂಲೇಲಿದೆ ತಾತ. ನೀವೇ ಎಳ್ಕೊಳ್ಳಿ. ನನ್ನ ಕೈ ಎಂಜಲಾಗಿದೆ."

ತಾತ ಜೀವಮಾನದಲ್ಲಿ ಸುಣ್ಣ ಮುಟ್ಟಿದವನಲ್ಲ. ಮೂಲೆಯನ್ನು ನೋಡಿದ, ತನ್ನ ಕೈ ನೋಡಿಕೊಂಡ, ಎಲೆಯ ಕಡೆ ಸ್ವಲ್ಪ ಹೆಚ್ಚೇ ಹೊತ್ತು ನೋಡಿದ. ಆಮೇಲೆ ಕೋಲು ಊರಿಕೊಂಡು ಹೊರಟುಹೋದ. ಉಳಿದ ಮನೆಗಳಲ್ಲಿ ಅವತ್ತು ಅವನು ಕೇಳಲಿಲ್ಲ.

ಇಷ್ಟಕ್ಕೇ ಮುಗಿಯಿತು ಎಂದರೆ ನಿಮಗೂ ಹಿತ, ನನಗೂ ಹಿತ. ಆದರೆ ಉಂಡು ಮುಗಿದಮೇಲೆ ಇಬ್ಬರಿಗೂ ಒಂದೇ ಸದ್ದು ಕೇಳಿಸಿತು. ಕೇರಿಯ ಕೊನೆಯ ಮನೆಯಲ್ಲಿ ಮಗ್ಗ ಆಡುತ್ತಿತ್ತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಮಾರನೆಯ ನಡುಹಗಲು ಅವರು ಅಲ್ಲಿಗೆ ಹೋದರು. ಸುಣ್ಣದ ಗೆರೆ ಎಳೆದ ಹಾಗೇ ಇತ್ತು. "ಊಟ ಆಯ್ತಾ?" ಎಂದು ಕೇಳಿದರು. ಮಗ್ಗ ನಿಂತಿತು. ಸ್ವಲ್ಪ ಹೊತ್ತಿನ ಮೇಲೆ ಮಗ್ಗ ಮತ್ತೆ ಆಡಿತು. ಅವರು ಗೆರೆಯ ಮೇಲೆಯೇ ಕೂತು, ಎಲೆ ಹಾಕಿ, ಕೇರಿ ನೋಡುತ್ತಿದ್ದ ಹಾಗೆ ಉಂಡರು. ಒಂದು ಎಲೆಯನ್ನು ಬಡಿಸಿ ಹಾಗೇ ಬಿಟ್ಟು ಬಂದರು. ಅದರ ಮಾರನೆಯ ದಿನವೂ ಹೋದರು. ಕೇಳಿದರು, ಕಾದರು, ಕೂತರು. ಇಟ್ಟ ಎಲೆ ಇಟ್ಟಲ್ಲೇ ಇರುತ್ತಿತ್ತು. ಹಸು ಬಂದು ತಿಂದು ಹೋಗುತ್ತಿತ್ತು. ಅವಳು ಉತ್ತರ ಕೊಡಬೇಕೆಂದು ಏನು ಕಟ್ಟಳೆ? ಅವಳು ಕರೆದಾಗ ಇವರು ಹೋಗಿದ್ದರೇ? ಎಲೆ ಹಚ್ಚುವವಳು ಇದನ್ನು ದಿನವೂ ತನಗೆ ತಾನೇ ಹೇಳಿಕೊಳ್ಳುವಳು, ದಿನವೂ ಎಲೆ ಹಚ್ಚುವಳು. ಕೂತು ಕೂತು ಸುಣ್ಣವೆಲ್ಲ ಇಬ್ಬರ ಸೀರೆಗೆ ಹತ್ತಿ, ನೆಲದ ಮೇಲೆ ಗೆರೆ ಇತ್ತೆಂಬ ಗುರುತೂ ಉಳಿಯಲಿಲ್ಲ.

ಎಷ್ಟನೆಯ ದಿನವೋ ಅವರು ಲೆಕ್ಕ ಇಟ್ಟಿರಲಿಲ್ಲ. "ಊಟ ಆಯ್ತಾ?" ಎಂದು ಕೇಳಿ, ಎಲೆ ಹಾಸುತ್ತಿದ್ದಾಗ, ಮಗ್ಗ ನಿಂತಿತು. ಮತ್ತೆ ಆಡಲಿಲ್ಲ. ಮಾತು ಆಡದೆ ಒರಟಾಗಿದ್ದ ಒಂದು ದನಿ, ಬಾಗಿಲ ಹಿಂದಿನಿಂದ, ಬಹಳ ಹತ್ತಿರದಿಂದ ಕೇಳಿತು:

"ಎಷ್ಟು ಎಲೆ ಹಾಕಿದ್ದೀರಿ?"

"ಮೂರು," ಎಂದಳು ಎಲೆ ಹಚ್ಚುವವಳು.